ಗಿಳಿ ಹೇಳದ ಮಾತು

ಆ ಬೆಳಿಗ್ಗೆ ಅಳಿಯ ಗಿಳಿಯನ್ನು ಕಿವಿಗೆ ಸಿಕ್ಕಿಸದೆ ಅಂಗಿಯ ಜೇಬಿಗೆ ಹಾಕಿಕೊಂಡು ಮಾವನ ಮರಗೆಲಸದ ವರ್ಕ್‌ಶಾಪಿಗೆ ಬಂದ. ಗಿಳಿ ಎಂದರೆ ಅನುವಾದದ ಯಂತ್ರ, ಅಂಗಿಯ ಗುಂಡಿಯಷ್ಟು ಚಿಕ್ಕದು. ಮಾವನ ಭಾಷೆ ಬೇರೆ, ಅವನ ಭಾಷೆ ಬೇರೆ. ಮದುವೆಯಾದ ವಾರವೇ ಹೆಂಡತಿ ಇಬ್ಬರ ಕಿವಿಗೂ ಒಂದೊಂದನ್ನು ಸಿಕ್ಕಿಸಿ, ಅದಕ್ಕೆ ಗಿಳಿ ಎಂದು ಹೆಸರಿಟ್ಟಿದ್ದಳು. ಅಂದಿನಿಂದ ಒಬ್ಬರ ನಿಜದ ದನಿ ಇನ್ನೊಬ್ಬರ ಕಿವಿಗೆ ಬೀಳದೆ, ಆಡಿದ್ದೆಲ್ಲ ಕೇಳುವವರ ಭಾಷೆಯಲ್ಲೇ ಕೇಳಿಸುತ್ತಿತ್ತು. ಅಷ್ಟಿದ್ದೂ ಅಳಿಯ ಕದ್ದುಮುಚ್ಚಿ ಕ್ಲಾಸಿಗೆ ಹೋಗಿ ಮಾವನ ಭಾಷೆಯನ್ನು ತಕ್ಕಮಟ್ಟಿಗೆ ಕಲಿತಿದ್ದ. ವರ್ಕ್‌ಶಾಪನ್ನು ಕೊಳ್ಳುವವರು ಅಂದು ಸಂಜೆ ಬರುವವರಿದ್ದರು. ಮಾರಬೇಡಿ, ನಾನು ನಡೆಸಿಕೊಂಡು ಹೋಗುತ್ತೇನೆ ಎಂದು ಮಾವನನ್ನು ಕೇಳಬೇಕಿತ್ತು. ಆ ಮಾತನ್ನು ಯಂತ್ರದ ಬಾಯಲ್ಲಿ ಆಡಿಸಲು ಅವನಿಗೆ ಮನಸ್ಸಿರಲಿಲ್ಲ.

ಮಾವ ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತ, ಚಹಾ ತಂದ ಮಗಳ ಜೊತೆ ಮಾತಾಡುತ್ತಿದ್ದರು. ಅಳಿಯ ಹಲಗೆಗಳ ರಾಶಿಯ ಈಚೆ ನಿಂತು ಕಿವಿಗೊಟ್ಟ.

"ಅವನಿಗೆ ಹೇಗಮ್ಮ ಕೊಡೋದು? ಇಷ್ಟು ದಿನದಲ್ಲಿ ಒಂದು ಸಲ ಎದುರು ಮಾತಾಡಿದ್ದಾನಾ? ಏನಂದ್ರೂ ಹೂಂ, ಆಗಲಿ, ನಿಮ್ಮಿಷ್ಟ. ಮರದಲ್ಲಾದ್ರೂ ಒಂದು ಗಂಟಿರುತ್ತೆ. ನಿನ್ನ ಗಂಡನಲ್ಲಿ ಅದೂ ಇಲ್ಲ."

ಎಲ್ಲ ಅರ್ಥವಾಯಿತಲ್ಲ ಎಂಬ ಖುಷಿ ಅಳಿಯನಿಗೆ ಮೊದಲು ಬಂತು. ಅರ್ಥವಾದದ್ದು ಏನು ಎಂಬುದು ಆಮೇಲೆ ಹೊಳೆಯಿತು. ಎದುರು ಮಾತಾಡಿಲ್ಲವೇ? ಅಂಟು ಆರುವ ಮೊದಲೇ ಬಣ್ಣ ಬಳಿಯಬೇಡಿ ಎಂದು ಜಗಳವಾಡಿದವನು ಯಾರು? ನಿನ್ನೆ ತಾನೇ, ಈ ಕುರ್ಚಿಯ ಕಾಲಿನ ಅಳತೆ ತಪ್ಪಿದೆ ಎಂದು ಗಂಟಲು ಹರಿದುಕೊಂಡವನು ಯಾರು? ಇನ್ನು ಮಾವನಿಗೆ ಈ ಒರಟು ಬಾಯಿ ಎಲ್ಲಿಂದ ಬಂತು? ಅವನು ಬಲ್ಲ ಮಾವ 'ದಯವಿಟ್ಟು ಈ ಅಂಚನ್ನು ಇನ್ನೊಮ್ಮೆ ನೋಡುತ್ತೀರಾ' ಎನ್ನುವ ಸಾಧು ಮನುಷ್ಯ. ಹಾಗೆನ್ನುವಾಗ ಮುಖ ಕೆಂಪೇರಿ ಕತ್ತಿನ ನರ ಉಬ್ಬುತ್ತಿದ್ದದ್ದು ನಿಜ. ಪಾಪ, ಬಿಪಿ ಇರಬೇಕು ಎಂದುಕೊಂಡು ಅವನು ಮಾವನ ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿದ್ದ.

ಚಹಾದ ಲೋಟ ಹಿಡಿದು ಹೊರಗೆ ಬಂದ ಹೆಂಡತಿಯನ್ನು ಅವನು ಹಿತ್ತಿಲಿಗೆ, ಮರದ ಹೊಟ್ಟು ಸುರಿಯುವಲ್ಲಿಗೆ ಕರೆದೊಯ್ದ. ಕೇಳಿಸಿಕೊಂಡದ್ದನ್ನು ಹೇಳಿದ. ಅವಳು ಮೊದಲು, ಅವನಿಗೆ ಅದು ಹೇಗೆ ಅರ್ಥವಾಯಿತು ಎಂದು ಬೆಚ್ಚಿದಳು. ಆಮೇಲೆ ಲೋಟದ ಅಂಚನ್ನು ತಿಕ್ಕುತ್ತ ಹೇಳಿದಳು.

"ಅಪ್ಪನ ಬಾಯಿ ನಿಮಗೆ ಗೊತ್ತಿಲ್ಲ. ಅದನ್ನ ತಡೀಲಾರದೆ ಅಣ್ಣ ಮನೆ ಬಿಟ್ಟು ಹೋದ. ನೀವೂ ಹೋಗ್ಬಿಟ್ರೆ ಅಂತ ಭಯ ಆಯ್ತು. ಅದಕ್ಕೇ ಗಿಳಿಗೆ ಫೋನಲ್ಲಿ ಸೌಜನ್ಯ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿಟ್ಟೆ."

"ಯಾರ ಗಿಳಿಗೆ?"

"ಇಬ್ಬರದ್ದಕ್ಕೂ."

ನಿನ್ನೆ ಕುರ್ಚಿಯ ವಿಷಯಕ್ಕೆ ತಾನು ಕೂಗಾಡಿದ್ದು ಏನಾಯಿತು ಎಂದು ಅವನು ಕೇಳಿದ. ಅವಳು ಫೋನ್ ತೆಗೆದು, ಗಿಳಿ ಮಾವನಿಗೆ ಹೇಳಿದ್ದನ್ನು ಹುಡುಕಿ ಸಣ್ಣ ದನಿಯಲ್ಲಿ ಓದಿದಳು. 'ಅಳತೆಯನ್ನು ಇನ್ನೊಮ್ಮೆ ನೋಡಿದರೆ ಸಂತೋಷ. ಹೇಗೂ ನಿಮ್ಮ ಇಷ್ಟ.' ಅವನಿಗೆ ಸಿಟ್ಟು ಬಂದದ್ದೇನೋ ನಿಜ, ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ದಿನ ಯಾರ ಜೊತೆ ಯಾರು ಕೆಲಸ ಮಾಡಿದ್ದು? ತಾನು ಇಷ್ಟಪಟ್ಟ ಮಾವ ಎಲ್ಲೂ ಇಲ್ಲ. ಮಾವನಿಗೆ ಬೇಡವಾದ ಅಳಿಯನೂ ಎಲ್ಲೂ ಇಲ್ಲ. ಇಲ್ಲದ ಆ ಇಬ್ಬರ ನಡುವಿನ ತಕರಾರಿಗೆ ಇರುವ ವರ್ಕ್‌ಶಾಪು ಸಂಜೆಗೆ ಕೈಬಿಟ್ಟು ಹೋಗಲಿತ್ತು.

ಅವನು ಸೀದಾ ಒಳಗೆ ಹೋಗಿ ಮಾವನ ಎದುರು ನಿಂತು, ಕಿವಿಯಿಂದ ಅದನ್ನು ತೆಗೆಯಿರಿ ಎಂದು ಕೈಸನ್ನೆ ಮಾಡಿದ. ಮಾವ ಹುಬ್ಬು ಗಂಟಿಕ್ಕಿಕೊಂಡೇ ತೆಗೆದರು. ವಾರವಿಡೀ ಬಾಯಿಪಾಠ ಮಾಡಿದ ನಯವಾದ ವಾಕ್ಯ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಬಾಯಿಗೆ ಬಂದದ್ದು ಬೇರೆಯೇ.

"ಈ ಕಾಲು ಗಿಡ್ಡ. ತಪ್ಪು. ನಿಮ್ಮ ತಪ್ಪು. ನಾನು ನಿನ್ನೆ ಹೇಳಿದೆ."

ಮಾವ ಅವನನ್ನೇ ನೋಡಿದರು. ಕುರ್ಚಿಯನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಒತ್ತಿದರು. ಅದು ಟಕ್ ಟಕ್ ಎಂದು ಕುಂಟಿತು. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು, ಒಂದೇ ಉಸಿರಿಗೆ ಮಾತಿನ ಸುರಿಮಳೆ ಶುರುವಾಯಿತು. ಕ್ಲಾಸಿನಲ್ಲಿ ದಾರಿ ಕೇಳುವುದು, ಕ್ಷೇಮ ವಿಚಾರಿಸುವುದು ಕಲಿಸಿದ್ದರು. ಈ ಮಾತುಗಳನ್ನು ಯಾರೂ ಕಲಿಸಿರಲಿಲ್ಲ. ಕುರ್ಚಿ ಎಂಬುದೊಂದು ಸಿಕ್ಕಿತು, ಕತ್ತೆ ಎಂಬುದೊಂದು, ನಾಳೆಯಿಂದ ಎಂಬುದೊಂದು. ನಾಳೆಯಿಂದ ಬರಬೇಡ ಎಂದೋ, ನಾಳೆಯಿಂದ ನೀನೇ ನೋಡಿಕೋ ಎಂದೋ, ಅವನಿಗೆ ಹೊಳೆಯಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ಅದೂ ತಿಳಿಯಲಿಲ್ಲ.

ದಿಕ್ಕು ತೋಚದೆ ಅವನು ಗಿಳಿಗಾಗಿ ಜೇಬಿಗೆ ಕೈ ಹಾಕಿದ. ಮಾವ ಆ ಕೈಯನ್ನು ಗಟ್ಟಿಯಾಗಿ ಹಿಡಿದರು. ಯಾರಿಗೂ ಯಾವತ್ತೂ ಒಂದು ಮಾತನ್ನು ಎರಡು ಸಲ ಹೇಳದ ಆ ಮನುಷ್ಯ, ಅದೇ ಬೈಗುಳವನ್ನು ಮತ್ತೆ ಮೊದಲಿನಿಂದ, ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ ಹೇಳತೊಡಗಿದರು.