ಜೇಬಿನ ಕಲ್ಲು

ಹಾರಬಲ್ಲವರ ಗಗನದಳದಲ್ಲಿದ್ದು ಸತ್ತವರ ಮೇಲೆ ವಿಡಿಯೋ ಗೇಮ್ ಮಾಡಬೇಕಾದರೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ಮೊನ್ನೆ ಪುಟ್ಟತಾಯಮ್ಮ ನಮ್ಮ ಮೈಸೂರಿನ ಸ್ಟುಡಿಯೋಗೆ ಬಂದಿದ್ದರು. ಅವರ ಮಗ ಚೆಲುವರಾಜ ಉರಿಯುವ ಕಟ್ಟಡಕ್ಕೆ ಹಾರಿ, ಜನರನ್ನು ಉಳಿಸಿ, ತಾನು ಉಳಿಯದೆ ಹೋದ ಗೇಮನ್ನು ಎಲ್ಲರೂ ಆಡಿದ್ದಾರೆ. ಈಗ ನಾವು ಮಾಡುತ್ತಿರುವುದು ಅದಕ್ಕೂ ಹಿಂದಿನ ಕತೆ, ಅವನು ದಳ ಸೇರಲು ಮನೆ ಬಿಟ್ಟ ದಿನದ್ದು.

ಪರದೆಯ ಮೇಲೆ ಎಳೆಯ ಚೆಲುವರಾಜ ಹೊಸಿಲಲ್ಲಿ ನಿಂತಿದ್ದ.

"ಈ ಬಟನ್ ಒತ್ತಿ ಅಮ್ಮ, ಹಾರ್ತಾನೆ," ಎಂದೆ.

ಆಕೆ ಒತ್ತಲಿಲ್ಲ. "ಜೇಬು ಯಾಕಪ್ಪ ಹಿಂಗೆ ಚಪ್ಪಟೆಯಾಗೈತೆ? ಕಲ್ಲೆಲ್ಲಿ?"

ನನಗೆ ನಾಚಿಕೆಯಾಯಿತು. ಹಾರಬಲ್ಲ ಮಗುವಿನ ಜೇಬಿಗೆ ಕಲ್ಲು ಹಾಕದೆ ಯಾವ ತಾಯಿ ತಾನೇ ಹೊರಗೆ ಬಿಟ್ಟಾಳು? ನನ್ನ ತಂಗಿಯೂ ಹಾಗೇ ಬೆಳೆದವಳು. ಕೂತಲ್ಲೇ ಒಂದು ಕಲ್ಲು ಸೇರಿಸಿದೆ. ಜೇಬು ಜೋತುಬಿತ್ತು.

ಪುಟ್ಟತಾಯಮ್ಮ ಬಟನ್ ಒತ್ತಿದರು. ಹುಡುಗ ಒಂದಿಷ್ಟು ಮೇಲೆದ್ದು ಮತ್ತೆ ಹೊಸಿಲಿಗೇ ಇಳಿದ. ಇನ್ನೊಮ್ಮೆ ಒತ್ತಿದರು, ಆಗಲೂ ಇಳಿದ. ಆಕೆಯ ಮುಖ ಅರಳಿತು.

"ಹಿಂಗೇ ಇರ್ಲಿ ಬುಡಪ್ಪ."

"ಅವನು ಹಾರದಿದ್ರೆ ಗೇಮೇ ಇಲ್ವಲ್ಲಮ್ಮ. ಅವತ್ತು ಕಲ್ಲನ್ನ ಎಲ್ಲಿ ಬಿಸಾಕಿ ಹೋದ ಅಂತ ಹೇಳಿ, ಹಾಗೇ ತೋರಿಸ್ತೀವಿ."

ಆಕೆ ಕೈಚೀಲದಿಂದ ನುಣ್ಣಗೆ ಸವೆದ ಒಂದು ಗುಂಡುಕಲ್ಲು ತೆಗೆದು ಕೀಬೋರ್ಡಿನ ಪಕ್ಕ ಇಟ್ಟರು.

"ಅವ ಬಿಸಾಕ್ಲಿಲ್ಲ ಕಣಪ್ಪ. ನಾನೇ ತೆಗ್ದೆ."