ಪೂಜೆಗಿಟ್ಟ ಕ್ರಯಪತ್ರ

"ನಿಮ್ಮ ಮನೆಯ ಕ್ರಯಪತ್ರ ಒಂದು ಸಲ ನೋಡಬೇಕಿತ್ತು" ಎಂದು ಎದುರುಮನೆಯ ಮಿಸ್ ಲುವೀನಿಯಾ ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದಾಗ, ಪ್ರಭಾ ಆರತಿ ತಟ್ಟೆ ಹಿಡಿದುಕೊಂಡೇ "ದೇವರ ಹತ್ತಿರ ಇದೆ" ಎಂದಳು. ಎಂಬತ್ತೆಂಟರ ಆ ಕಪ್ಪು ಜನಾಂಗದ ಹೆಂಗಸು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಯಾವ ಉತ್ತರಕ್ಕೂ ಬೆಚ್ಚುವವರಲ್ಲ. "ಒಳ್ಳೆಯ ಜಾಗ. ಅವನಾದರೂ ಓದಿದ್ದಾನೋ?" ಎಂದರು.

ಯಾರೂ ಓದಿರಲಿಲ್ಲ. ಎರಡು ವರ್ಷದ ಹಿಂದೆ ಹ್ಯೂಸ್ಟನ್ನಿನ ಈ ಹಳೆಯ ಬಡಾವಣೆಯಲ್ಲಿ ಮನೆ ಕೊಂಡ ದಿನ ಪ್ರಭಾ ಮೈಸೂರಿನ ತನ್ನ ಅತ್ತೆ ಹೇಳಿಕೊಟ್ಟಂತೆ ಪತ್ರದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಲಕ್ಷ್ಮಿಯ ಪಕ್ಕದಲ್ಲಿ ಇಟ್ಟಿದ್ದಳು. ಅಂದಿನಿಂದ ಶುಕ್ರವಾರ ತಪ್ಪದೆ ಅದಕ್ಕೂ ಒಂದು ಬೊಟ್ಟು ಕುಂಕುಮ, ಒಂದು ಹೂವು. ಫ್ರಿಜ್ಜಿನ ವಾರಂಟಿಯನ್ನು ಕೂಡ ಒಂದಕ್ಷರ ಬಿಡದೆ ಓದುವ ಗಂಡ ರಘೂತ್ತಮ, ದೇವರ ಮುಂದೆ ಕೂತ ಕಾಗದವನ್ನು ಪ್ರಶ್ನಿಸುವುದುಂಟೇ ಎಂದು ಕೈಮುಗಿದು ಸುಮ್ಮನಿದ್ದ.

ಪ್ರಭಾ ದೇವರ ಮುಂದಿನಿಂದ ತಂದುಕೊಟ್ಟ ಅರಿಶಿನದ ಹಾಳೆಗಳನ್ನು ಮಿಸ್ ಲುವೀನಿಯಾ ಮಗುಚಿ, ಕೊನೆಗೆ ಲಗತ್ತಿಸಿದ್ದ ಹಳೆಯ ಟೈಪಿನ ಪುಟವೊಂದನ್ನು ತೆಗೆದು ರಘೂತ್ತಮನ ಕೈಗಿತ್ತರು. "ಜೋರಾಗಿ ಓದಪ್ಪ." ಅವನು ತರಗತಿಯಲ್ಲಿ ಎದ್ದು ನಿಂತವನ ಹಾಗೆ ಓದಿದ: "ಬಿಳಿಯ ಜನಾಂಗಕ್ಕೆ ಸೇರದ ಯಾವ ವ್ಯಕ್ತಿಗೂ ಈ ಸ್ವತ್ತನ್ನು ಮಾರತಕ್ಕದ್ದಲ್ಲ, ಬಾಡಿಗೆಗೆ ಕೊಡತಕ್ಕದ್ದಲ್ಲ. ಮನೆಗೆಲಸದವರು ಮಾತ್ರ ಹಿಂದಿನ ಕೋಣೆಯಲ್ಲಿ ವಾಸಿಸಬಹುದು..." ಅಲ್ಲಿಗೆ ಅವನ ದನಿ ಇಳಿಯಿತು. ಎರಡು ವರ್ಷದ ಕುಂಕುಮ ಹಾಳೆಗಳ ನಡುವೆ ಇಳಿದು ಆ ಸಾಲುಗಳ ಮೇಲೂ ಕೆಂಪಗೆ ಕೂತಿತ್ತು.

"ಹಾಗಾದರೆ ನಾವು?" ಎಂದ.

"ನೀನು ಅಡುಗೆ ಚೆನ್ನಾಗಿ ಮಾಡುತ್ತಿದ್ದರೆ ಹಿಂದಿನ ಕೋಣೆ ಸಿಗುತ್ತಿತ್ತು" ಎಂದರು ಮಿಸ್ ಲುವೀನಿಯಾ.

"ಇವರು ಈಗಲೂ ದಿನವಿಡೀ ಅಲ್ಲೇ ಇರ್ತಾರೆ. ಅದೇ ಇವರ ಆಫೀಸು" ಎಂದು ಪ್ರಭಾ ನಗಲು ಹೋದಳು.

"ಗೊತ್ತು. ನಿನ್ನ ಗಂಡ ಕಂಪ್ಯೂಟರ್ ಇಟ್ಟಿರುವ ಜಾಗದಲ್ಲೇ ನಾನು ಹುಟ್ಟಿದ್ದು. ನಮ್ಮಮ್ಮ ಈ ಮನೆಯ ಅಡುಗೆಯವಳು."

ಪ್ರಭಾಳ ನಗು ಅಲ್ಲೇ ನಿಂತಿತು. ಮಿಸ್ ಲುವೀನಿಯಾ ಕೈಚೀಲದಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲೆ ಹರಡಿದರು. ಮುತ್ತು ಪೋಣಿಸಿದಂಥ ಅಕ್ಷರ. ಇಂಥ ಸಾಲುಗಳನ್ನು ದಾಖಲೆಯಿಂದ ತೆಗೆಸಲು ಟೆಕ್ಸಸ್ ಸರಕಾರ ಕೆಲವು ವರ್ಷದ ಹಿಂದೆ ಕಾನೂನು ಮಾಡಿದೆಯಂತೆ. ಅರ್ಜಿ ಕೊಟ್ಟರೆ ನ್ಯಾಯಾಧೀಶರು ನೋಡಿ ಆದೇಶ ಕೊಡುತ್ತಾರೆ. ಯಾರು ಬೇಕಾದರೂ ಕೊಡಬಹುದು, ಆದರೆ ಮಾಲೀಕರ ಒಪ್ಪಿಗೆ ಇರಬೇಕು. "ಬೀದಿ ನಮ್ಮವರಿಗೆ ತೆರೆದ ವರ್ಷವೇ ಎದುರಿಗೆ ಮನೆ ಕೊಂಡೆ, ಈ ಮನೆ ಕಾಣುತ್ತಿರಲಿ ಎಂದು. ಆದರೆ ಇದು ನನ್ನದಲ್ಲವಲ್ಲ. ನಿಮಗಿಂತ ಹಿಂದೆ ಇದ್ದವನು ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ಮನೆಯನ್ನೇ ಮಾರಿಬಿಟ್ಟ. ನನಗೆ ತಾಳ್ಮೆ ಇದೆ ಮಗಳೇ, ಮಂಡಿಗಿಲ್ಲ."

ರಘೂತ್ತಮ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ ಮುಗಿಸಿದ್ದ. "ಈ ಷರತ್ತು ಐವತ್ತಕ್ಕೂ ಹೆಚ್ಚು ವರ್ಷದಿಂದ ಜಾರಿಯಲ್ಲೇ ಇಲ್ಲ ಮೇಡಂ. ಸತ್ತು ಹೋಗಿದೆ."

"ಸತ್ತಿದೆ, ನಿಜ. ಮಣ್ಣು ಮಾಡಿಲ್ಲ."

ಅವನು ಹೆಂಡತಿಯ ಕಡೆ ವಾಲಿ ಪಿಸುಗುಟ್ಟಿದ. "ಕೋರ್ಟು ಅಂತಿದಾರೆ ಕಣೇ. ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ತಾತ ಯಾವಾಗ್ಲೂ ಹೇಳ್ತಿದ್ರು. ನಮಗ್ಯಾಕೆ?"

"ನಿಮ್ಮ ತಾತ ಬಂದಿದ್ರೂ ಅವರಿಗೆ ಹಿಂದಿನ ಕೋಣೆನೇ ಕಣ್ರೀ" ಎಂದು ಪ್ರಭಾ ತಾನು ಸಹಿ ಹಾಕಿ, ಪೆನ್ನನ್ನು ಅವನ ಕೈಗೆ ತುರುಕಿದಳು. ಅರ್ಜಿಯನ್ನು ಮೂರು ಸಲ ಓದಿ ರಘೂತ್ತಮನೂ ಸಹಿ ಹಾಕಿದ. ಮಿಸ್ ಲುವೀನಿಯಾ ಶಾಯಿ ಒಣಗುವ ತನಕ ಕಾಗದವನ್ನು ಎರಡು ಅಂಗೈ ಮೇಲೆ ಹಿಡಿದುಕೊಂಡೇ ನಿಂತಿದ್ದರು. ಅದನ್ನು ನೋಡಿ ಪ್ರಭಾಗೆ ಕೂತಿರಲಾಗಲಿಲ್ಲ, ಎದ್ದು ನಿಂತಳು.

ಆದೇಶ ತಿಂಗಳೊಳಗೆ ಬಂತು. ಒಂದೇ ಪುಟ, ಕೆಳಗೆ ಮುದ್ರೆ. ಶುಕ್ರವಾರ ಮಿಸ್ ಲುವೀನಿಯಾ ಚರ್ಚಿಗೆ ಹೋಗುವ ಹಾಗೆ ನೇರಳೆ ಬಣ್ಣದ ಹ್ಯಾಟು ತೊಟ್ಟು ಬಂದರು. ಪ್ರಭಾ ಪುಟವನ್ನು ತಟ್ಟೆಯಲ್ಲಿಟ್ಟಳು. ಮೂಲೆಗಳಿಗೆ ಅರಿಶಿನವೂ ಆಯಿತು. ಕುಂಕುಮಕ್ಕೆ ಬೆರಳು ಚಾಚಿದವಳು ಏನನ್ನಿಸಿತೋ, ಎರಡು ಹನಿ ನೀರಿನಲ್ಲಿ ಅದನ್ನು ಕಲಸಿ ಭರಣಿಯನ್ನೇ ಅವರ ಮುಂದೆ ಹಿಡಿದಳು. "ನೀವೇ ಇಡಿ. ಒಂದು ಚುಕ್ಕಿ ಸಾಕು."

ಮಿಸ್ ಲುವೀನಿಯಾ ಬೆರಳದ್ದಿದರು. ಚುಕ್ಕಿ ಇಡಲಿಲ್ಲ. ಮುದ್ರೆಯ ಪಕ್ಕ ಖಾಲಿ ಜಾಗದಲ್ಲಿ ನಿಧಾನವಾಗಿ ಎರಡು ಗೆರೆಗಳನ್ನು ಒಂದನ್ನೊಂದು ಹಾಯುವಂತೆ ಓರೆಯಾಗಿ ಎಳೆದು ಒಂದು ಕತ್ತರಿ ಗುರುತು ಹಾಕಿದರು. ಅಷ್ಟು ಚಂದದ ಅಕ್ಷರದವರು ಹೀಗೇಕೆ ಗೀಚಿದರೆಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ನಮ್ಮಮ್ಮನ ಸಹಿ" ಎಂದರು ಮಿಸ್ ಲುವೀನಿಯಾ. "ಅವಳಿಗೆ ಬರೆಯಲು ಬರುತ್ತಿದ್ದದ್ದು ಇಷ್ಟೇ."

ರಘೂತ್ತಮ ಕೈಮುಗಿದ. ಈ ಸಲ, ಓದಿದ ಮೇಲೆ.