ಸಿಹಿನೀರಿಗೆ ಬಿದ್ದ ಉಪ್ಪು

ಮಧ್ಯಾಹ್ನದ ಮಾತ್ರೆಯನ್ನು ಯೋಗಾನಂದ ನುಂಗಲಿಲ್ಲ. ನಾಲಿಗೆಯ ಕೆಳಗೆ ಒತ್ತಿಟ್ಟುಕೊಂಡು ನೀರು ಕುಡಿದ. ಮಲತಾಯಿ ವಿಮಲಮ್ಮ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದದ್ದೇ ತಡ, ಉಗಿದು ದಿಂಬಿನ ಕೆಳಗೆ ತಳ್ಳಿದ. ದಿನವೂ ಆ ಮಾತ್ರೆ ತಗೊಂಡು ಹೆಣದ ಹಾಗೆ ನಿದ್ದೆ ಹೋಗುತ್ತಿದ್ದ. ಇವತ್ತು ನಿದ್ದೆ ಮಾಡಬಾರದು. ಇವತ್ತು ಅವಳನ್ನು ಹಿಡಿಯಬೇಕು.

ತಲೆದೆಸೆಯಲ್ಲೇ ಗಾಜಿನ ತೊಟ್ಟಿ. ಆರು ಕೋರಿ ಮೀನುಗಳಲ್ಲಿ ಉಳಿದದ್ದು ಎರಡು. ಹೆಬ್ಬೆರಳುದ್ದದ ಮೀಸೆಮೀನು. ಯಾರ ತಂಟೆಗೂ ಹೋಗದೆ ತಳದ ಮರಳನ್ನು ಮೀಸೆಯಲ್ಲಿ ಕೆದಕಿಕೊಂಡು ಬದುಕುವ ಜಾತಿ. ಹೆತ್ತಮ್ಮ ವರಲಕ್ಷ್ಮಿ ತರಿಸಿಕೊಂಡಿದ್ದವು. ಹಾಸಿಗೆ ಹಿಡಿದವಳು ಕೊನೆಯ ವರ್ಷವೆಲ್ಲ ಅವನ್ನೇ ನೋಡುತ್ತ ಮಲಗಿದ್ದಳು. ಅವಳು ಹೋದ ಮೇಲೆ ಒಡವೆ ತಂಗಿಗೆ ಹೋಯಿತು, ಸೀರೆಗಳು ಚಿಕ್ಕಮ್ಮಂದಿರಿಗೆ, ಮಂಚ ವಿಮಲಮ್ಮನಿಗೆ. ಅವನ ಪಾಲಿಗೆ ಉಳಿದದ್ದು ಈ ಮೀನು.

ಮೂರು ವರ್ಷ ಒಂದೂ ಸತ್ತಿರಲಿಲ್ಲ. ಹೋದ ತಿಂಗಳು ಡೆಲಿವರಿಗೆ ಹೋಗಿದ್ದವನು ಮಾಗಡಿ ರಸ್ತೆಯಲ್ಲಿ ಗಾಡಿಯಿಂದ ಬಿದ್ದ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ನಡುಮನೆಯಲ್ಲಿ ಮಲಗಿದ. ಮರುವಾರವೇ ಸಾವು ಶುರುವಾಯಿತು. ಎದ್ದು ನೀರು ಬದಲಿಸಲಾಗದವನ ಕಣ್ಣೆದುರೇ ಒಂದೊಂದಾಗಿ ಮೇಲಕ್ಕೆ ನುಗ್ಗಿ, ಗಾಳಿ ಗುಟುಕರಿಸಿ, ತಳಕ್ಕೆ ಇಳಿದು ಅಡ್ಡಬಿದ್ದು ಸತ್ತವು.

ನಾಲ್ಕನೆಯದನ್ನು ಪೇಪರಿನಲ್ಲಿ ಸುತ್ತಿ ಒಯ್ಯುವಾಗ ವಿಮಲಮ್ಮನ ಮುಖದಲ್ಲಿ ನೆಮ್ಮದಿ ಇತ್ತು. ಅವನು ಕಣ್ಣಾರೆ ಕಂಡಿದ್ದ.

"ಹೋಗ್ಲಿ ಬಿಡು ಯೋಗಿ. ಹೋಗಿದ್ದು ಒಳ್ಳೇದೇ ಆಯ್ತು," ಅಂದಿದ್ದಳು.

ಇವತ್ತು ಬೆಳಿಗ್ಗೆ ಸಾಕುಮೀನಿನ ಅಂಗಡಿಯ ಗೆಳೆಯ ಧ್ರುವನಿಗೆ ಫೋನ್ ಮಾಡಿದ.

"ನೀರು ನಾಲಿಗೆಗೆ ಹಚ್ಚಿ ನೋಡು ಮಗಾ."

ಹಚ್ಚಿದ. "ಉಪ್ಪು ಗುರು."

"ಕೋರಿಗೆ ಅದು ವಿಷ ಕಣೋ. ಗೋಲ್ಡ್‌ಫಿಶ್ ತಡ್ಕೊಳ್ಳುತ್ತೆ, ಇವು ತಡೆಯಲ್ಲ. ಯಾರೋ ಬೇಕಂತ್ಲೇ ಹಾಕ್ತಾವ್ರೆ. ಸಂಜೆ ಬಂದು ನೀರು ಬದಲಾಯಿಸ್ತೀನಿ. ಅಲ್ಲೀವರ್ಗೂ ಒಂದು ಹರಳೂ ಬೀಳ್ಬಾರ್ದು."

ವಿಮಲಮ್ಮ ಹಾಲು ತರಲು ಹೋಗಿದ್ದಾಗ, ಉಪ್ಪು ಹಾಕುತ್ತಿರುವುದು ಅವಳೇ ಎಂದು ಅಪ್ಪ ಬೈರಪ್ಪನ ಮುಂದೆ ಕೂಗಾಡಿದ. ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ.

"ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ಪೊಲೀಸ್ ಆಗ್ಬಿಟ್ಟ ನೋಡಪ್ಪ."

"ಮೀನು ಸಾಯ್ತಾ ಇದಾವೆ. ನಿಮಗೆ ತಮಾಷೆ."

"ಸರಿ, ಅವಳು ಹಾಕೋದನ್ನ ವಿಡಿಯೋ ಮಾಡಿ ತೋರ್ಸು. ಸಂಜೆಗೇ ಅವಳನ್ನ ಬ್ಯಾಡರಹಳ್ಳಿಗೆ, ಅವಳಣ್ಣನ ಮನೆಗೆ ಬಿಟ್ಟು ಬರ್ತೀನಿ. ಇಲ್ಲಾಂದ್ರೆ ಇನ್ಮೇಲೆ ಅವಳ ಸುದ್ದಿ ಎತ್ಬೇಡ."

ಅಷ್ಟು ಸಾಕಿತ್ತು. ಯೋಗಾನಂದ ಫೋನನ್ನು ಹೊದಿಕೆಯ ಮಡಿಕೆಯಲ್ಲಿ ನಿಲ್ಲಿಸಿ ಕ್ಯಾಮೆರಾ ಒತ್ತಿದ. ಕಣ್ಣು ಮುಚ್ಚಿ, ಬಾಯಿ ಅರೆತೆರೆದು, ಗೊರಕೆಯಂಥ ಉಸಿರು ಬಿಡತೊಡಗಿದ.

ಒಳಗೆ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು. ಆಮೇಲೆ ಬರಿಗಾಲಿನ ಹೆಜ್ಜೆ. ರೆಪ್ಪೆಯ ಸಂದಿಯಲ್ಲಿ ಮುಷ್ಟಿ ಕಂಡಿತು, ಬೆರಳುಗಳ ನಡುವೆ ಕಲ್ಲುಪ್ಪು. ಸಿಕ್ಕಿಬಿದ್ದಳು. ತೊಟ್ಟಿಯ ಹತ್ತಿರ ಹೋಗಲಿ, ಆ ಕೈ ಹಿಡಿದು ಮುರಿಯುತ್ತೇನೆ, ಅಂದುಕೊಂಡ.

ಮುಷ್ಟಿ ತೊಟ್ಟಿಯ ಕಡೆ ಹೋಗಲಿಲ್ಲ.

ಅವನ ತಲೆಯ ಮೇಲೆ ಬಂತು. ಹಣೆಯಿಂದ ಎದೆಗೆ, ಎದೆಯಿಂದ ಮುರಿದ ಕಾಲಿಗೆ ಮೆಲ್ಲಗೆ ಇಳಿಯಿತು. ಮತ್ತೆ ಮೇಲೇರಿತು. ಹೀಗೆ ಮೂರು ಸಲ ನಿವಾಳಿಸಿದಳು.

"ಬೀದಿ ಕಣ್ಣು, ನೆಂಟರ ಕಣ್ಣು, ಗಾಡಿ ಓಡ್ಸೋದು ನೋಡಿದೋರ ಕಣ್ಣು," ಪಿಸುಗುಟ್ಟಿದಳು. "ನನ್ನ ಮಗನ ಮೇಲೆ ಬಿದ್ದಿದ್ದೆಲ್ಲ ಈ ನೀರಲ್ಲಿ ಕರಗ್ಲಿ. ಇವನಿಗೆ ಬಂದಿದ್ದನ್ನ ಮೀನು ಹೊತ್ಕೊಂಡು ಹೋಗ್ಲಿ."

ಹಿಡಿಯಬೇಕಿದ್ದ ಕೈ ಮೇಲೇಳಲಿಲ್ಲ. ಉಪ್ಪು ನೀರಿಗೆ ಬಿತ್ತು. ಎರಡೂ ಮೀನುಗಳು ಒಟ್ಟಿಗೆ ಮೇಲಕ್ಕೆ ನುಗ್ಗಿದವು. ಹೊದಿಕೆಯ ಮಡಿಕೆಯಲ್ಲಿ ಕ್ಯಾಮೆರಾ ಓಡುತ್ತಲೇ ಇತ್ತು.

ಅವಳು ಅಲ್ಲಿಗೆ ಮುಗಿಸಲಿಲ್ಲ. ಖಾಲಿ ಅಂಗೈಯನ್ನು ಒಂದು ಗಳಿಗೆ ನೋಡಿಕೊಂಡಳು. ಒಳಗೆ ಹೋಗಿ ಇನ್ನೊಂದು ಹಿಡಿ ತಂದು, ನಾಲ್ಕನೆಯ ಸಲ ಅವನ ಮೇಲೆ ಇಳಿಸಿದಳು.

"ಮಲತಾಯಿ ಕಣ್ಣು ಬಿದ್ದಿದ್ರೆ, ಅದೂನೂ."